ಏಕಾದಶಿಯ ಮಾತ್ರೆ

7 ಫೆಬ್ರವರಿ 2005, ಸೋಮವಾರ

ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕೂತು ಮಾತಾಡುವ ಸೌಂದರ್ಯಾ ಮೇಡಂ ಇವತ್ತು ಈ ನೋಟ್‌ಬುಕ್ ಕೊಟ್ಟರು. "ರಾಯರೇ, ನೀವು ಯಾರ ಹತ್ರಾನೂ ಮಾತಾಡಲ್ಲ. ಮನಸ್ಸಿಗೆ ಬಂದದ್ದನ್ನ ಇದರಲ್ಲಿ ಬರೀರಿ. ಯಾರಿಗೂ ತೋರಿಸ್ಬೇಡಿ, ನನಗೂ" ಅಂದರು. ಹೊಸ ಪುಸ್ತಕದ ಮೊದಲ ಪುಟದಲ್ಲಿ ಹೆಸರು ಇರಬೇಕು ಅನ್ನುವುದು ಪ್ರೆಸ್ಸಿನವರ ಅಭ್ಯಾಸ. ಆದ್ದರಿಂದ: ಪ್ರಾಣೇಶ ರಾವ್, ವಯಸ್ಸು ನಲವತ್ತೊಂಬತ್ತು, ವಾಸ ಹನುಮಂತನಗರ, ಕೆಲಸ ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಪಂಚಾಂಗದ ಪ್ರೂಫ್ ನೋಡುವುದು. ಕಾಯಿಲೆ, ಎಚ್‌ಐವಿ.

ಬರೆದು ನೋಡಿದರೆ ಮೂರು ಅಕ್ಷರ. ಇಷ್ಟಕ್ಕೆ ಎರಡು ವರ್ಷ ಬಾಯಿ ಕಟ್ಟಿಕೊಂಡಿದ್ದೇನೆ. ಎಲ್ಲಿಂದ ಬಂತು ಅಂತ ನನ್ನ ಹೆಂಡತಿ ಶೈಲಜಳಿಗೆ ಹೇಳಿದ್ದೇನೆ. ಆಕೆ ಒಂದು ತಿಂಗಳು ಮಾತು ಬಿಟ್ಟಿದ್ದಳು, ಆಮೇಲೆ ಒಂದು ದಿನ "ಹುಳಿಗೆ ಉಪ್ಪು ಸಾಕಾ?" ಅಂತ ಕೇಳಿದಳು. ಅದಕ್ಕಿಂತ ಹೆಚ್ಚು ಇಲ್ಲೂ ಬರೆಯುವುದಿಲ್ಲ. ಆಕೆಯ ರಕ್ತದಲ್ಲಿ ಏನೂ ಇಲ್ಲ. ಅದೊಂದು ಮಂತ್ರಾಲಯದ ರಾಯರ ದಯೆ.

ಕಳೆದ ಆಗಸ್ಟಿನಿಂದ ಮಾತ್ರೆ. ಬೆಳಿಗ್ಗೆ ಒಂದು, ಸಂಜೆ ಒಂದು. ರಕ್ತದಲ್ಲಿ ಕಾವಲು ಕಾಯುವ ಕಣಗಳಿರುತ್ತವಂತೆ, ಸಿಡಿ-ಫೋರ್ ಅಂತ. ಐನೂರಕ್ಕೂ ಮೇಲೆ ಇರಬೇಕಾದ್ದು ನನಗೆ ಆಗ ತೊಂಬತ್ತಾರು ಇತ್ತು.

ಆಸ್ಪತ್ರೆಯಿಂದ ಬರುತ್ತಾ ರಾಮಾಂಜನೇಯ ಗುಡ್ಡ ಹತ್ತಲು ಹೋದೆ. ಮೂರು ಕಡೆ ಕೂತೆ. ನಾಲ್ಕನೆಯ ಸಲ ಎದ್ದದ್ದು ವಾಪಸ್ ಇಳಿಯುವುದಕ್ಕೆ. ಮನೆಗೆ ಬಂದಾಗ ಎದುರುಮನೆ ಮಕ್ಕಳು ಕಥೆ ಕೇಳಲು ಕಾದಿದ್ದರು. ಕೆಮ್ಮು ಅಂತ ಹೇಳಿ ಬಾಗಿಲು ಹಾಕಿಕೊಂಡೆ. ನನ್ನ ಲೋಟ, ನನ್ನ ತಟ್ಟೆ ಬೇರೆ ಇಟ್ಟುಕೊಂಡಿದ್ದೇನೆ. ಬೇಕಿಲ್ಲ ಅಂತ ಡಾಕ್ಟರು ಹೇಳಿದರೂ ಇಟ್ಟುಕೊಂಡಿದ್ದೇನೆ.

20 ಫೆಬ್ರವರಿ, ಭಾನುವಾರ

ಏಕಾದಶಿ. ನೀರೂ ಇಲ್ಲ.

ಉಪನಯನವಾದಾಗಿನಿಂದ ಒಂದನ್ನೂ ತಪ್ಪಿಸಿಲ್ಲ. ಟೈಫಾಯಿಡ್ ಬಂದಾಗಲೂ ಇಲ್ಲ, ಮದುವೆಯ ಮಾರನೆಯ ದಿನ ಬಿದ್ದಾಗಲೂ ಇಲ್ಲ. (ಮಾವನವರು ಎಲೆ ಹಾಕಿಸಿಕೊಂಡು ಕೂತಿದ್ದರು, ಅಳಿಯ ಬರಲೇ ಇಲ್ಲ.) ದಶಮಿ ಒಂದು ಊಟ, ಏಕಾದಶಿ ಏನೂ ಇಲ್ಲ, ದ್ವಾದಶಿ ಬೆಳಗಾಗುತ್ತಲೇ ಪಾರಣೆ, ಅವತ್ತೂ ಒಂದೇ ಊಟ. ಮಾತ್ರೆಯನ್ನು ಆಹಾರದ ಜೊತೆ ತಗೊಳ್ಳಿ ಅಂದಿದ್ದಾರೆ. ಆಹಾರವಿಲ್ಲದ ಹೊತ್ತಿನಲ್ಲಿ ಮಾತ್ರೆಯೂ ಇಲ್ಲ. ಹಾಗೆ ಪಕ್ಷಕ್ಕೆ ನಾಲ್ಕು ಉಳಿಯುತ್ತವೆ. ಎಸೆಯಲು ಮನಸ್ಸು ಬರುವುದಿಲ್ಲ. ಅಟ್ಟದ ಮೇಲೆ ಅಮ್ಮನ ಕಾಲದ ಪಿಂಗಾಣಿ ಭರಣಿ ಇದೆ, ಅದಕ್ಕೆ ಹಾಕುತ್ತೇನೆ.

ನನ್ನ ರಕ್ತದಲ್ಲಿ ಏನು ಸೇರಿದೆಯೋ ಸೇರಲಿ. ಏಕಾದಶಿ ಮಾತ್ರ ಇನ್ನೂ ನನ್ನದು.

4 ಮಾರ್ಚ್, ಶುಕ್ರವಾರ

ಸೌಂದರ್ಯಾ ಮೇಡಂ ಕೇಳಿದರು, "ಮಾತ್ರೆ ಯಾವತ್ತಾದ್ರೂ ಮರ್ತಿದೀರಾ ರಾಯರೇ?"

"ಒಂದು ಸಲಾನೂ ಮರ್ತಿಲ್ಲ."

"ಎಲ್ಲರೂ ನಿಮ್ಮ ಥರ ಇದ್ದಿದ್ರೆ ನನ್ನ ತಲೆಕೂದಲು ಉಳೀತಿತ್ತು."

ಹೆಮ್ಮೆಯಾಯಿತು. ಡಾಕ್ಟರ್ ನರಸಿಂಹಯ್ಯನವರು ಇನ್ನೊಂದು ಸೀಸೆ ರಕ್ತ ತೆಗೆಸಿದರು. ಅವರದೇನೋ ಅಧ್ಯಯನವಂತೆ. ಕಾವಲಿನ ಕಣಗಳ ಜೊತೆಗೆ ವೈರಸ್ಸನ್ನೂ ಎಣಿಸುತ್ತಾರಂತೆ. ಕಳ್ಳರನ್ನೂ ಪೊಲೀಸರನ್ನೂ ಒಂದೇ ದಿನ ಎಣಿಸುವ ಊರು ಇದು.

9 ಮೇ, ಸೋಮವಾರ

ತಲೆ ಕೆಟ್ಟಿದೆ.

ಡಾಕ್ಟರು ಎರಡು ಕಾಗದ ಮುಂದಿಟ್ಟರು. ಒಂದರಲ್ಲಿ ಕಾವಲಿನ ಕಣ ಇನ್ನೂರ ಮೂವತ್ತೊಂದು. ತೊಂಬತ್ತಾರರಿಂದ ಇನ್ನೂರ ಮೂವತ್ತೊಂದು! ಕೈಮುಗಿಯಲು ಹೊರಟೆ. ಅವರು ಇನ್ನೊಂದು ಕಾಗದ ತಳ್ಳಿದರು. ಅದರಲ್ಲಿ ವೈರಸ್. ಮಾತ್ರೆಗೆ ಮುಂಚೆ ತೆಗೆದಿಟ್ಟಿದ್ದ ರಕ್ತದಲ್ಲಿ ಮೂರು ಲಕ್ಷದ ನಲವತ್ತು ಸಾವಿರ ಇತ್ತಂತೆ. ಈಗ ಹದಿನಾಲ್ಕು ಸಾವಿರ.

"ಕಡಿಮೆ ಆಗಿದೆಯಲ್ಲ ಡಾಕ್ಟ್ರೇ?"

"ಇಷ್ಟು ತಿಂಗಳಿಗೆ ಕಾಣಿಸಲೇಬಾರದಾಗಿತ್ತು ರಾಯರೇ. ಮಾತ್ರೆ ಇದ್ದೂ ಅದು ಬೆಳೀತಾ ಇದೆ. ಮಾತ್ರೆಗೆ ಬಗ್ಗದೇ ಇರೋದನ್ನ ಕಲಿತಿದೆ."

"ಹಾಗಾದ್ರೆ ಮಾತ್ರೆ ಕೆಲಸ ಮಾಡ್ತಿಲ್ಲ."

"ಮಾಡ್ತಿಲ್ಲ ಅಂತ ಹೇಳಕ್ಕಾಗಲ್ಲ. ಸಿಡಿ-ಫೋರ್ ಏರ್ತಾ ಇದೆಯಲ್ಲ."

"ಹಾಗಾದ್ರೆ ಮಾಡ್ತಿದೆ."

"ಪೂರ್ತಿ ಮಾಡ್ತಿದೆ ಅಂತಾನೂ ಹೇಳಕ್ಕಾಗಲ್ಲ."

ಪಂಚಾಂಗದಲ್ಲಿ ಒಂದು ದಿನಕ್ಕೆ ಎರಡು ತಿಥಿ ಬಂದರೂ ಎಷ್ಟು ಗಳಿಗೆಗೆ ಯಾವುದು ಅಂತ ಬರೆದಿರುತ್ತದೆ. ಇದಕ್ಕೆ ಅದೂ ಇಲ್ಲ. ಅವರು ಇನ್ನೂ ಏನೋ ಹೇಳುವುದರಲ್ಲಿದ್ದರು, ಹೊರಗೆ ನಲವತ್ತು ಜನ ಕಾದಿದ್ದರು. "ಮಾತ್ರೆ ಮಾತ್ರ ನಿಲ್ಲಿಸ್ಬೇಡಿ" ಅಂತ ಅಂದು ಮುಂದಿನವರನ್ನು ಕರೆದರು. ಯಾಕೆ ಅಂತ ಕೇಳಲಿಲ್ಲ.

14 ಮೇ

ಪ್ರೆಸ್ಸಿನ ಮೇಸ್ತ್ರಿ ದೊರೆಸ್ವಾಮಿಗೆ ನನಗೆ ಸಕ್ಕರೆ ಕಾಯಿಲೆ ಅಂತ ಹೇಳಿದ್ದೇನೆ. ಅದರ ನೆಪದಲ್ಲೇ ಕೇಳಿದೆ, "ಒಂದು ಮಾತ್ರೆ ಕೆಲಸಾನೂ ಮಾಡುತ್ತೆ, ಮಾಡೋದೂ ಇಲ್ಲ ಅಂದ್ರೆ ಏನರ್ಥ?"

"ನಮ್ಮ ಹಳೇ ಮಿಷನ್ ಅಂತ ಅರ್ಥ ಸ್ವಾಮಿ" ಅಂದ. "ಅದು ಬಿಡಿ, ನಿಮಗೆ ಸಕ್ಕರೆ ಬಂದ ಮೇಲೆ ಕೆನ್ನೆ ತುಂಬ್ಕೊಂಡಿದೆ. ನನಗೂ ಸ್ವಲ್ಪ ಬರಲಿ."

ಇವನಿಗೆ ಕಣ್ಣಿನ ಪರೀಕ್ಷೆ ಆಗಬೇಕು.

12 ಜೂನ್, ಭಾನುವಾರ

ಶೈಲೂ ಗುಡ್ಡದ ಮೇಲೆ ಛತ್ರಿ ಮರೆತು ಬಂದಳು. ಹೋಗಿ ತಂದೆ. ವಾಪಸ್ ಬರುವ ಹೊತ್ತಿಗೆ ಕಾಫಿ ಇಟ್ಟಿದ್ದಳು, ಕುಡಿದೆ. "ಅದು ನನ್ನ ಲೋಟ, ನಿಮ್ಮದು ಒಳಗಿದೆ" ಅಂತ ಬೈದಳು.

ಎದುರುಮನೆ ಮಕ್ಕಳು ಬಿಡಲಿಲ್ಲ. ನಮ್ಮ ಊರಿನ ಗೌರಿ ಹಸುವಿನ ಕಥೆ ಹೇಳಿದೆ. ಮುಳಬಾಗಿಲ ಹತ್ತಿರದ ನಮ್ಮ ರಾಗಿ ಹೊಲಕ್ಕೆ ಅಪ್ಪ ಕಳ್ಳಿಬೇಲಿ ಹಾಕಿದ್ದ. ಊರ ದನವೆಲ್ಲ ಬೇಲಿ ನೋಡಿ ವಾಪಸ್ ಹೋಗುತ್ತಿತ್ತು, ಗೌರಿ ಒಂದು ಮಾತ್ರ ಹಾರಲು ಕಲಿತಳು. ಕಲಿಯುವಾಗ ಮುಂಗಾಲು ಮುರಿದುಕೊಂಡು ಕುಂಟಿಯಾದಳು. ಆದರೂ ದಿನಾ ಹಾರಿ ಬರುವಳು, ಕುಂಟುತ್ತಾ ಎರಡು ಸಾಲು ಮೇಯುವಳು, ಸುಸ್ತಾಗಿ ಮಲಗುವಳು. ಚಿಕ್ಕಪ್ಪನಿಗೆ ಸಿಟ್ಟು. "ಹಸು ತಡೆಯದ ಬೇಲಿ ಯಾಕಣ್ಣ?" ಅಂದವನೇ ಅಪ್ಪ ಊರಲ್ಲಿಲ್ಲದಾಗ ಪೂರಾ ಕಿತ್ತು ಒಲೆಗೆ ಹಾಕಿದ. ಮಾರನೆಯ ದಿನ ನಾಲ್ಕು ಕಾಲೂ ನೆಟ್ಟಗಿದ್ದ ಊರ ದನವೆಲ್ಲ ನುಗ್ಗಿತು. ಗೌರಿಗೆ ಒಂದು ತೆನೆಯೂ ಸಿಗಲಿಲ್ಲ!

ಗೌರಿ ಕುಂಟುವುದನ್ನು ಎದ್ದು ಮಾಡಿ ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಚಿಕ್ಕಪ್ಪ ಎಂಥ ದಡ್ಡ!

17 ಜುಲೈ, ಭಾನುವಾರ

ಪ್ರಥಮ ಏಕಾದಶಿ. ಬಾಯಿ ಒಣಗಿದೆ, ತಲೆ ಮಾತ್ರ ತಿಳಿಯಾಗಿದೆ. ಎರಡು ತಿಂಗಳಿಂದ ತಿರುಗುತ್ತಿದ್ದ ಲೆಕ್ಕ ಇವತ್ತು ಕೂಡಿತು.

ಮಾತ್ರೆ ಕೊಡುವುದು ವೈರಸ್ ಸಾಯಲಿ ಅಂತ. ಅದು ಸತ್ತಿಲ್ಲ. ಅಂದರೆ ಮಾತ್ರೆ ಸೋತಿದೆ. ಆದರೂ ಕಾವಲಿನ ಕಣ ಏರಿದೆ. ಮಾತ್ರೆಯಿಂದಲ್ಲದಿದ್ದರೆ ಇನ್ನು ಯಾವುದರಿಂದ? ನಾನು ಬಿಡದೆ ಹಿಡಿದಿರುವುದು ಈ ಏಕಾದಶಿ ಒಂದನ್ನೇ.

ಇವತ್ತಿನಿಂದ ಚಾತುರ್ಮಾಸ್ಯ. ಮಾತ್ರೆ ನಿಲ್ಲಿಸುತ್ತೇನೆ. ಏಕಾದಶಿಯ ಜೊತೆಗೆ ಶನಿವಾರವೂ ಒಪ್ಪೊತ್ತು ಮಾಡುತ್ತೇನೆ. ಶೈಲೂಗೆ ಹೇಳುವುದಿಲ್ಲ. ಆಸ್ಪತ್ರೆಯ ದಿನ ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಕೂತು ಬಂದರಾಯಿತು.

ಸರಿಯೋ ತಪ್ಪೋ ಗೊತ್ತಿಲ್ಲ. ಅರ್ಥವಾದದ್ದು ಇಷ್ಟು.

21 ಆಗಸ್ಟ್

ಮಾತ್ರೆ ಶುರುವಾದಾಗಿನಿಂದ ಪಾದದಲ್ಲಿ ಸದಾ ಇರುತ್ತಿದ್ದ ಜುಮ್ಮು ಕಡಿಮೆಯಾಗಿದೆ. ಬಾಯಿ ಕಹಿ ಇಲ್ಲ. ನಾನು ಹೇಳಲಿಲ್ಲವೇ?

3 ಅಕ್ಟೋಬರ್

ಎಂಟು ದಿನದಿಂದ ಸಂಜೆ ಜ್ವರ. ನಾಲಗೆಯ ಮೇಲೆ ಬೆಳ್ಳಗೆ ಮೊಸರು ಕಟ್ಟಿದ ಹಾಗೆ. ಸಾರನ್ನವೂ ಉರಿಯುತ್ತದೆ. ಉಪವಾಸದ ಕಾವು ಇರಬಹುದು.

ಲೋಟ ಬೇರೆ ಇಡು ಅಂದೆ. "ಆಯ್ತು" ಅಂದಳು. ಇಡಲಿಲ್ಲ.

12 ಅಕ್ಟೋಬರ್

ವಿಜಯದಶಮಿ. ಪಾಯಸ ನುಂಗಲಾಗಲಿಲ್ಲ. ಶೈಲೂ ಅಟ್ಟದಿಂದ ಗೊಂಬೆ ಇಳಿಸಿದ ದಿನದಿಂದ ಒಂದು ಥರ ಇದ್ದಾಳೆ. ಮಾತು ಕಡಿಮೆ.

ಆಗಿನ ಹಾಗೆ ಮತ್ತೆ ಒಂದು ತಿಂಗಳು ಮಾತು ಬಿಡುತ್ತಾಳೋ ಏನೋ.

24 ಅಕ್ಟೋಬರ್, ಸೋಮವಾರ

ಇದನ್ನು ನಿಧಾನವಾಗಿ ಬರೆಯಬೇಕು. ಅವಸರದಲ್ಲಿ ಬರೆದರೆ ಮತ್ತೆ ತಪ್ಪು ಲೆಕ್ಕ ಕೂಡಿಬಿಡುತ್ತೇನೆ.

ಹೋದ ವಾರ ಶೈಲೂ ನನ್ನನ್ನು ಆಟೋದಲ್ಲಿ ಹಾಕಿಕೊಂಡು ರಕ್ತ ಕೊಡಿಸಿ ಬಂದಿದ್ದಳು. ಇವತ್ತು ರಿಪೋರ್ಟು. ಕಾವಲಿನ ಕಣ ನೂರ ಹದಿನೆಂಟು. ವೈರಸ್ ಎರಡು ಲಕ್ಷದ ಅರವತ್ತು ಸಾವಿರ. ಡಾಕ್ಟರು ಕನ್ನಡಕ ತೆಗೆದರು.

"ರಾಯರೇ, ಮಾತ್ರೆ ನಿಲ್ಲಿಸಿದೀರಾ?"

ಆಗ ಶೈಲೂ ಬ್ಯಾಗಿನಿಂದ ಪಿಂಗಾಣಿ ಭರಣಿ ತೆಗೆದು ಡಾಕ್ಟರ ಮೇಜಿನ ಮೇಲೆ ಬೋರಲು ಹಾಕಿದಳು. ಮಾತ್ರೆಗಳು ರಿಪೋರ್ಟಿನ ಮೇಲೆ, ಪೆನ್ನಿನ ಸ್ಟ್ಯಾಂಡಿನ ಕೆಳಗೆ ಉರುಳಿ ಹೋದವು. ಸೌಂದರ್ಯಾ ಮೇಡಂ ಬಗ್ಗಿ ಎರಡನ್ನು ನೆಲದಿಂದ ಎತ್ತಿದರು.

"ಎಂಬತ್ತನಾಲ್ಕು ಇದೆ" ಅಂದಳು ಶೈಲೂ. "ಇಪ್ಪತ್ತು ದಿನದಿಂದ ಒಬ್ಬಳೇ ಎಣಿಸ್ತಾ ಇದೀನಿ. ಏನ್ರೀ ಇದು?"

"ಏಕಾದಶಿ ಮಾತ್ರೆ" ಅಂದೆ.

ದಶಮಿ, ಏಕಾದಶಿ, ದ್ವಾದಶಿಯ ಲೆಕ್ಕ ಹೇಳಿದೆ. ಜುಲೈನಿಂದ ಪೂರ್ತಿ ನಿಲ್ಲಿಸಿದ್ದನ್ನೂ ಹೇಳಿದೆ. ಸೌಂದರ್ಯಾ ಮೇಡಂ ಹಣೆಗೆ ಕೈ ಇಟ್ಟುಕೊಂಡರು.

"ಮರ್ತಿಲ್ಲ ಅಂದ್ರಲ್ಲ ರಾಯರೇ!"

"ಮರೀಲಿಲ್ಲ ಮೇಡಂ. ಜ್ಞಾಪಕ ಇಟ್ಕೊಂಡೇ ಬಿಟ್ಟೆ."

ಡಾಕ್ಟರು ನಗುತ್ತಾರೋ ಬೈಯುತ್ತಾರೋ ಅಂತ ನೋಡಿದೆ. ಎರಡೂ ಮಾಡಲಿಲ್ಲ. ಶೈಲೂ ಕಡೆ ತಿರುಗಿ, "ಅಮ್ಮಾ, ನಿಮಗೂ ಗೊತ್ತಿರಲಿಲ್ವಾ?" ಅಂದರು.

"ನಾನೂ ಅವತ್ತು ಉಪವಾಸಾನೇ ಡಾಕ್ಟ್ರೇ. ಆ ದಿನ ಮಾತ್ರೆ ಇದೆ ಅಂತ ನನ್ನ ತಲೆಗೂ ಬರ್ಲಿಲ್ಲ. ಒಲೆ ಹಚ್ಚಲ್ವಲ್ಲ" ಅಂದವಳು ಅಳತೊಡಗಿದಳು. ಬೈಗುಳ ಕೇಳಲು ತಯಾರಾಗಿದ್ದೆ. ಇದಕ್ಕೆ ತಯಾರಾಗಿರಲಿಲ್ಲ.

ಆಮೇಲೆ ಡಾಕ್ಟರು ಬಾಗಿಲು ಹಾಕಿಸಿ ಕೂತು ಹೇಳಿದರು. ಮಾತ್ರೆ ಎರಡು ದಿನ ಇಲ್ಲ, ಮತ್ತೆ ಇದೆ, ಮತ್ತೆ ಇಲ್ಲ ಅಂದರೆ ವೈರಸ್ಸಿಗೆ ಪಾಠ ಹೇಳಿಕೊಟ್ಟ ಹಾಗಂತೆ. ನನ್ನಲ್ಲಿ ಹಾಗೇ ಆಗಿರಬೇಕು ಅಂದರು. ಮಾತ್ರೆಯನ್ನು ದಾಟಲು ಅದು ತನ್ನ ಮೈಯನ್ನೇ ಬದಲಾಯಿಸಿಕೊಳ್ಳುತ್ತದಂತೆ. ಹಾಗೆ ಬದಲಾದದ್ದಕ್ಕೆ ಎಷ್ಟೋ ಸಲ ಮೊದಲಿನ ಕಸುವು ಇರುವುದಿಲ್ಲವಂತೆ. ಮರಿ ಹಾಕುವುದೂ ನಿಧಾನ.

"ಅದಕ್ಕೇ ಮೇ ತಿಂಗಳಲ್ಲಿ ವೈರಸ್ ಇದ್ರೂ ನಿಮ್ಮ ಸಿಡಿ-ಫೋರ್ ಏರ್ತಾ ಇತ್ತು. ಇದ್ದದ್ದು ಬಲ ಇಲ್ಲದ್ದು. ಬಲ ಇರೋ ಹಳೇದನ್ನ ಮಾತ್ರೆ ಹೊರಗೇ ತಡೆದಿತ್ತು. ಎಲ್ಲರಿಗೂ ಹೀಗಾಗುತ್ತೆ ಅಂತಲ್ಲ, ಎಷ್ಟು ದಿನ ನಡೆಯುತ್ತೆ ಅಂತಾನೂ ನಮಗೇ ಸರಿಯಾಗಿ ಗೊತ್ತಿಲ್ಲ. ನೀವು ಮಾತ್ರೆ ನಿಲ್ಲಿಸಿದ್ರಿ. ಈಗ ಆ ಹಳೇದು..."

"ನಾಲ್ಕು ಕಾಲೂ ನೆಟ್ಟಗಿರೋ ದನ" ಅಂದುಬಿಟ್ಟೆ.

"ಏನಂದ್ರಿ?"

ಗೌರಿ ಕಥೆ ಹೇಳಿದೆ. ಬೇಲಿ, ಕುಂಟು ಕಾಲು, ಒಲೆಗೆ ಹೋದ ಕಳ್ಳಿ. ನಲವತ್ತು ವರ್ಷದಿಂದ ನಗುತ್ತಾ ಹೇಳಿಕೊಂಡು ಬಂದ ಕಥೆ. ಜೂನಿನಲ್ಲಿ ಮಕ್ಕಳಿಗೆ ಕುಂಟಿ ತೋರಿಸಿದ್ದೆ. ಜುಲೈನಲ್ಲಿ ನಾನೇ ಬೇಲಿ ಕಿತ್ತೆ.

ಡಾಕ್ಟರು ಪೂರ್ತಿ ಕೇಳಿ, "ನಾಳೆ ಬರೋರಿಗೆಲ್ಲ ಇದನ್ನೇ ಹೇಳ್ತೀನಿ ರಾಯರೇ" ಅಂದರು.

"ಈಗೇನು ಮಾಡೋದು ಡಾಕ್ಟ್ರೇ?"

"ಅದೇ ಮಾತ್ರೆ ಮತ್ತೆ ಶುರು ಮಾಡೋದು."

"ಅದನ್ನ ದಾಟೋದು ಕಲಿತಿದೆ ಅಂದ್ರಲ್ಲ! ಆ ಕುಂಟಿ ಮತ್ತೆ ಬರಲ್ವೇ?"

"ಬರ್ತಾಳೆ. ಬರಲಿ. ಬೇರೆ ನಮೂನೆ ಮಾತ್ರೆ ಇದೆ, ನಮ್ಮ ಆಸ್ಪತ್ರೆಗೆ ಇನ್ನೂ ಬಂದಿಲ್ಲ. ಬರೋ ತನಕ ಹೊಲ ಉಳೀಬೇಕು. ಆದ್ರೆ ಒಂದು ದಿನಾನೂ ಬೇಲಿ ತೆಗೆಯೋ ಹಾಗಿಲ್ಲ. ಏಕಾದಶೀನೂ ಇಲ್ಲ, ದ್ವಾದಶೀನೂ ಇಲ್ಲ. ಊಟ ಇಲ್ಲದಿದ್ರೆ ಬರೀ ನೀರಲ್ಲಾದ್ರೂ ನುಂಗಿ."

ಶತ್ರು ಬರಲಿ, ಕುಂಟುತ್ತಾ ಬರಲಿ ಅಂತ ಮಾತ್ರೆ ನುಂಗುವುದು. ಇಂಥ ಚಿಕಿತ್ಸೆ ಯಾವ ಊರಲ್ಲಾದರೂ ಇದೆಯೇ? ಒಂದು ಗಳಿಗೆ ಅರ್ಥವಾದ ಹಾಗಾಗುತ್ತದೆ, ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಹೋಗಿಬಿಡುತ್ತದೆ.

28 ಅಕ್ಟೋಬರ್, ಶುಕ್ರವಾರ

ಏಕಾದಶಿ.

ನಿನ್ನೆ ದಶಮಿಯ ಸಂಜೆ ಊಟವಿಲ್ಲದೆ ಬರೀ ನೀರಲ್ಲಿ ನುಂಗಿದೆ. ಇವತ್ತು ಬೆಳಿಗ್ಗೆ ಏಳಕ್ಕೆ ಶೈಲೂ ಮಾತ್ರೆ ತಂದು ಎದುರಿಗಿಟ್ಟಳು, ಪಕ್ಕದಲ್ಲಿ ಒಂದು ಲೋಟ ನೀರು. ಕೈಯಲ್ಲಿ ಹಿಡಿದುಕೊಂಡೆ. ಏಳೂವರೆ ಆಯಿತು. ಎಂಟಾಯಿತು. ಅಂಗೈ ಬೆವರಿಗೆ ಮಾತ್ರೆ ಅಂಟಿಕೊಂಡಿತು.

"ಔಷಧಿಗೆ ದೋಷ ಇಲ್ಲಾರೀ. ಕಾಯಿಲೆಯವರಿಗೆ ಶಾಸ್ತ್ರಾನೇ ಬಿಟ್ಟಿದೆ" ಅಂದಳು.

"ಗೊತ್ತು. ಅದು ಕಾಯಿಲೆಯವರಿಗೆ."

ಆಕೆ ನನ್ನ ಮುಖವನ್ನೇ ನೋಡಿದಳು. ನಾನು ಹೇಳಿದ್ದು ಏನು ಅಂತ ನನಗೆ ಆಮೇಲೆ ಕೇಳಿಸಿತು. ಆದರೂ ಮಾತ್ರೆ ಒಳಗೆ ಹೋಗಲಿಲ್ಲ. ಸಂಜೆಯದೂ ಹೋಗಲಿಲ್ಲ. ಶೈಲೂ ಎರಡನ್ನೂ ತೆಗೆದುಕೊಂಡು ಹೋಗಿ ಭರಣಿಗೆ ಹಾಕಿದಳು. ಎಂಬತ್ತೈದು, ಎಂಬತ್ತಾರು ಅಂತ ಗಟ್ಟಿಯಾಗಿ ಎಣಿಸಿದಳು.

9 ನವೆಂಬರ್, ಬುಧವಾರ

ಜ್ವರ ಬಿಟ್ಟಿದೆ. ಪ್ರೆಸ್ಸಿಗೆ ಹೋದೆ. ಮುಂದಿನ ಯುಗಾದಿಗೆ ವ್ಯಯ ಸಂವತ್ಸರದ ಪಂಚಾಂಗದ ಪ್ರೂಫ್ ನನಗಾಗಿ ಕಾದಿತ್ತು. ಮೊದಲ ಪುಟಗಳಲ್ಲಿ ವ್ರತನಿಯಮ ಅಂತ ಒಂದು ಭಾಗ ಇರುತ್ತದೆ. ಪ್ರತಿವರ್ಷ ಅದೇ. ಕಣ್ಣು ತಾನಾಗಿ ಜಾರಿಕೊಂಡು ಹೋಗುತ್ತದೆ. ಇಪ್ಪತ್ತೆರಡು ವರ್ಷ ಹಾಗೇ ಜಾರಿಕೊಂಡು ಹೋಗಿದೆ.

ಇವತ್ತು ಅಲ್ಲಿ ನಿಂತಿತು. "ಏಕಾದಶಿಯಂದು ಬಾಲರಿಗೂ ವೃದ್ಧರಿಗೂ ಔಷಧ, ನೀರು ದೋಷವಲ್ಲ." ಏನೋ ಕಡಿಮೆ ಅನ್ನಿಸಿತು. ಹೋದ ವರ್ಷದ ಪ್ರತಿ ತೆಗೆದು ಪಕ್ಕದಲ್ಲಿಟ್ಟೆ. ಅದರಲ್ಲಿ "ಬಾಲರಿಗೂ ವೃದ್ಧರಿಗೂ ರೋಗಿಗಳಿಗೂ" ಅಂತ ಇತ್ತು. ಕಂಪ್ಯೂಟರಿನಲ್ಲಿ ಹೊಸದಾಗಿ ಅಕ್ಷರ ಜೋಡಿಸುವಾಗ ಒಂದು ಪದ ಬಿಟ್ಟಿದ್ದಾರೆ.

ಸಾಲಿನ ಮಧ್ಯೆ ಗುರುತು ಹಾಕಿದೆ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: ರೋಗಿಗಳಿಗೂ.

ಬರೆದು ಎಷ್ಟು ಹೊತ್ತು ಕೂತಿದ್ದೆನೋ. ದೊರೆಸ್ವಾಮಿ ಬಂದು ಇಣುಕಿದ.

"ಒಂದು ಪದಕ್ಕೆ ಇಷ್ಟು ಹೊತ್ತೇ ಸ್ವಾಮಿ? ಪುಟ ಕೊಡಿ, ಕಂಪ್ಯೂಟರ್ ಹುಡುಗೀರು ಕಾಯ್ತಾ ಇದಾರೆ."

"ಬಿಟ್ಟುಹೋಗಿತ್ತಪ್ಪಾ. ಸೇರಿಸ್ಬೇಕಲ್ಲ."

"ಸೇರಿಸಿದೀರಲ್ಲ, ಮತ್ತೇನು?"

ಪುಟ ಕೊಟ್ಟೆ.

12 ನವೆಂಬರ್, ಶನಿವಾರ

ಕಾರ್ತಿಕ ಶುದ್ಧ ಏಕಾದಶಿ.

ಬೆಳಿಗ್ಗೆ ಏಳು ಗಂಟೆ. ದೇವರ ಮುಂದೆ ನಿಂತು, ಒಂದು ಉದ್ಧರಣೆ ನೀರಿನಲ್ಲಿ ತೆಗೆದುಕೊಂಡೆ. ಗಂಟಲಲ್ಲಿ ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಇಳಿಯಿತು. ಇಳಿಯಿತು ಅಷ್ಟೇ. ಸಿಡಿಲು ಬಡಿಯಲಿಲ್ಲ. ಶೈಲೂ ತುಳಸಿ ಕಟ್ಟೆಯ ಹತ್ತಿರ ರಂಗೋಲಿ ಹಾಕುತ್ತಿದ್ದವಳು ತಿರುಗಿ ನೋಡಿದಳು. ಮತ್ತೆ ರಂಗೋಲಿಗೆ ಬಗ್ಗಿದಳು.

ಊಟ ಮಾಡಲಿಲ್ಲ. ಅಷ್ಟು ಉಳಿಸಿಕೊಂಡಿದ್ದೇನೆ. ವ್ರತ ಉಳಿಯಿತೋ ಮುರಿಯಿತೋ ಗೊತ್ತಿಲ್ಲ. ಒಳಗೆ ಯಾವುದು ಕುಂಟುತ್ತಿದೆ, ಯಾವುದು ಓಡುತ್ತಿದೆ, ಅದೂ ಗೊತ್ತಿಲ್ಲ.

ಸಂಜೆ ಏಳಕ್ಕೆ ಮಕ್ಕಳು ಕಥೆಗೆ ಕೂತಿದ್ದರು. ಗೌರಿ ಬೇಲಿ ಹಾರುವ ಹೊತ್ತಿಗೆ ಸರಿಯಾಗಿ ಶೈಲೂ ಮಾತ್ರೆ ತಂದಳು, ಜೊತೆಗೆ ಕೈಗೆ ಸಿಕ್ಕ ಲೋಟದಲ್ಲಿ ಎರಡು ಗುಟುಕು ನೀರು.

"ಅದೇನು ಮಾಮಾ?" ಅಂತ ಒಂದು ಮಗು ಕೇಳಿತು.

"ಔಷಧಿ ಕಣೋ. ನನಗೆ ಕಾಯಿಲೆ" ಅಂದೆ, ನುಂಗಿದೆ, ಕಥೆ ಮುಂದುವರಿಸಿದೆ. ಈ ಸಲ ಚಿಕ್ಕಪ್ಪ ಬೇಲಿ ಕಿತ್ತ ಜಾಗಕ್ಕೆ ಬಂದಾಗ ಮಕ್ಕಳು ನಕ್ಕರು. ನಾನು, "ಪಾಪ, ಅವನಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ" ಅಂದೆ.